ಕೆಂಡದ ಕಿಂಡಿ

"ಬುದ್ಧಿ, ಅಡುಗೆಮನೆಗೆ ಅಂದ ಮುಖ್ಯವೋ, ಅನುಕೂಲ ಮುಖ್ಯವೋ?"

ಹೀಗೆ ಕೇಳಿದವನು ಮಠದ ಶಿಷ್ಯ ಕಲ್ಲಯ್ಯ. ಮಠದ ಹಳೆಯ ಅಡುಗೆಮನೆಯನ್ನು ಹೊಸದು ಮಾಡಿಸುವ ಕೆಲಸವನ್ನು ಸ್ವಾಮಿಗಳು ಅವನಿಗೆ ವಹಿಸಿದ್ದರು. ನಕ್ಷೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡು ಬಂದಿದ್ದ. ಭಕ್ತರಲ್ಲಿ ಕೆಲವರು ಗೋಡೆ ಥಳಥಳ ಹೊಳೆಯಬೇಕು ಅನ್ನುತ್ತಿದ್ದರು. ಇನ್ನು ಕೆಲವರು, ಹೊಳಪು ಕಟ್ಟಿಕೊಂಡು ಏನಾಗಬೇಕು, ಎಲ್ಲ ಕೈಗೆ ಎಟುಕುವ ಹಾಗಿದ್ದರೆ ಸಾಕು ಅನ್ನುತ್ತಿದ್ದರು. ಎರಡು ಕಡೆಯವರ ನಡುವೆ ಸಿಕ್ಕಿ ಅವನ ತಲೆ ಕೆಟ್ಟುಹೋಗಿತ್ತು.

"ಎಲ್ಲರನ್ನೂ ಕೇಳಿದೆಯಾ?" ಎಂದರು ಸ್ವಾಮಿಗಳು.

"ಕೇಳಿದೆ ಬುದ್ಧಿ."

"ಅಡುಗೆ ಮಾಡುವ ಈರಜ್ಜನನ್ನು?"

"ಅವರನ್ನೂ ಕರೆದುಕೊಂಡು ಹೋಗಿ, ಏನು ಉಳಿಯುತ್ತದೆ ಏನು ಹೋಗುತ್ತದೆ ಎಂದು ಒಂದೊಂದಾಗಿ ತೋರಿಸಿದೆ. ಅವರು ಏನೂ ಹೇಳಲಿಲ್ಲ."

ಸ್ವಾಮಿಗಳು "ಹೂಂ" ಎಂದರು. ಶಾಲು ಸರಿಮಾಡಿಕೊಂಡು ಗೋಡೆಗೆ ಒರಗಿದರು. "ಹಾಗಾದರೆ ಕೂತುಕೋ. ಆ ನಕ್ಷೆ ಕೆಳಗಿಡು ಮಾರಾಯ, ಅದೇನು ಓಡಿಹೋಗುವುದಿಲ್ಲ," ಎಂದು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಒಳ್ಳೆಯ ಮನುಷ್ಯ. ಅವನಿಗೆ ಹೆಂಡತಿಯೆಂದರೆ ಪ್ರಾಣ. ಅವಳ ಕೈಯ ಸಾರೆಂದರೆ ಪ್ರಾಣಕ್ಕಿಂತ ಒಂದು ತೂಕ ಹೆಚ್ಚು. ಅವಳ ಹೆಸರು ನೀಲಮ್ಮ. ಕೇರಿಯಲ್ಲಿ ಯಾರ ಮನೆಯ ಮದುವೆಯಾದರೂ ಸಾರಿನ ಪುಡಿಯ ಹದ ಕೇಳಲು ಹೆಂಗಸರು ಅವಳ ಬಾಗಿಲಿಗೇ ಬರುತ್ತಿದ್ದರು. ಹೆಂಡತಿಗೆ ಇಂಥ ಹೆಸರಿದೆಯೆಂದು ವ್ಯಾಪಾರಿ ಅಂಗಡಿಯಲ್ಲಿ ಕೂತು ಬೀಗುತ್ತಿದ್ದ.

ಆ ಕೇರಿಯವೆಲ್ಲ ಸಾಲುಮನೆಗಳು. ಎರಡೆರಡು ಮನೆಗಳ ನಡುವೆ ಒಂದೇ ಗೋಡೆ. ವ್ಯಾಪಾರಿಯ ಅಡುಗೆಮನೆಗೂ ಪಕ್ಕದ ಮನೆಯ ಚೆನ್ನಾಜಮ್ಮನ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಬೆಂಕಿಪೊಟ್ಟಣ ಅಪರೂಪವಾಗಿದ್ದ ಕಾಲದಲ್ಲಿ, ಈ ಒಲೆಯಿಂದ ಆ ಒಲೆಗೆ ಕೆಂಡ ದಾಟಿಸಲೆಂದು ಹಿರಿಯರು ಬಿಟ್ಟಿದ್ದ ಕಿಂಡಿ ಅದು. ಎರಡು ಕೈ ತೂರುವಷ್ಟು ಅಗಲ, ಸುತ್ತ ಮಸಿ. ಗ್ಯಾಸಿನ ಒಲೆ ಬಂದ ಮೇಲೆ ಕೆಂಡ ಕೇಳುವವರು ಯಾರು? ಆದರೂ ಕಿಂಡಿ ಹಾಗೇ ಇತ್ತು, ಅದರ ಆಚೆ ಚೆನ್ನಾಜಮ್ಮನ ಬಾಯಿಯೂ ಹಾಗೇ ಇತ್ತು.

"ನೀಲಾ, ಒಗ್ಗರಣೆ ಸೀಯ್ತು ಕಣೇ!"

"ನೀಲಾ, ಬೇಳೆ ತಳ ಹಿಡೀತಾ ಇದೆ, ಇಳಿಸೇ!"

ಬೆಳಗಿನಿಂದ ಸಂಜೆಯವರೆಗೆ ಇದೇ ಕತೆ. ವ್ಯಾಪಾರಿಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಮನೆಯ ಒಗ್ಗರಣೆ ಏನಾದರೆ ಈಕೆಗೇನಂತೆ ಎಂದು ಗೊಣಗಿಕೊಳ್ಳುತ್ತಿದ್ದ.

ಒಂದು ವರ್ಷ ವ್ಯಾಪಾರ ಚೆನ್ನಾಗಿ ಕುದುರಿತು. ಆ ಕತ್ತಲೆ ಗೂಡಿನಲ್ಲಿ ಹೆಂಡತಿ ಬೆಂದದ್ದು ಸಾಕು, ಅವಳಿಗೊಂದು ಹೊಸ ಅಡುಗೆಮನೆ ಮಾಡಿಸಿಕೊಡೋಣ ಎಂದುಕೊಂಡ. ದಡ್ಡನಲ್ಲ ಅವನು, ಬರಿಯ ಶೋಕಿಗೆ ಬೀಳಲಿಲ್ಲ. ನೀಲಮ್ಮ ಸೊಂಟ ಬಗ್ಗಿಸದೆ ನಿಂತು ಬೇಯಿಸುವ ಎತ್ತರಕ್ಕೆ ಕಪ್ಪು ಕಲ್ಲಿನ ಕಟ್ಟೆ ಹಾಕಿಸಿದ. ಪಾತ್ರೆ ತೊಳೆಯುವ ಸಿಂಕನ್ನು ಕಟ್ಟೆಯ ಪಕ್ಕಕ್ಕೇ ತಂದ. ದಿನವೂ ಬೇಕಾಗುವ ಡಬ್ಬಿಗಳು ಕೈಯೆತ್ತಿದರೆ ಸಿಗುವ ಗೂಡಿಗೆ ಬಂದವು, ಹಬ್ಬಕ್ಕೆ ಮಾತ್ರ ಇಳಿಸುವ ಕೊಪ್ಪರಿಗೆ ಅಟ್ಟ ಹತ್ತಿತು. ಮಿಕ್ಸಿ ಇದ್ದರೂ ಚಟ್ನಿಗೆ ರುಬ್ಬುವ ಕಲ್ಲೇ ಬೇಕು ಎಂದಳು, ಅದನ್ನೂ ಉಳಿಸಿದ. ಬೆಳಕು ಬರಲಿ, ಗಾಳಿಯಾಡಲಿ ಎಂದು ಒಲೆಯ ಎದುರಿಗೇ ದೊಡ್ಡ ಕಿಟಕಿ ಇಡಿಸಿದ. ಗೋಡೆಗೆ ಗಿಳಿಹಸಿರು ಬಣ್ಣದ ಟೈಲ್ಸ್ ಹಾಕಿಸಿದ. ಆ ಬಣ್ಣ ಆರಿಸುವುದಕ್ಕೆ, ಪಾಪ, ಗಿರಾಕಿಗಳಿಗೆ ಸೀರೆ ತೋರಿಸುವಾಗ ಪಡುವಷ್ಟೇ ಪಾಡು ಪಟ್ಟ.

ಪ್ರತಿಯೊಂದು ವಸ್ತುವಿಗೂ ಅವನದು ಒಂದೇ ಪರೀಕ್ಷೆ. ಕಣ್ಣಿಗೆ ಚೆಂದವಾಗಿರಬೇಕು, ಇಲ್ಲವೇ ಕೈಗೆ ಉಪಯೋಗಕ್ಕೆ ಬರಬೇಕು. ಎರಡೂ ಇದ್ದರೆ ಬಹಳ ಸಂತೋಷ. ಎರಡೂ ಇಲ್ಲದಿದ್ದರೆ ಅದಕ್ಕೆ ಮನೆಯಲ್ಲಿ ಜಾಗವಿಲ್ಲ. ಇದಕ್ಕಿಂತ ನ್ಯಾಯವಾದ ಪರೀಕ್ಷೆ ಇನ್ನೇನಿದೆ ಹೇಳು?

ಕಿಂಡಿಯ ಸರದಿ ಬಂತು.

"ಇದರಿಂದ ಏನು ಉಪಯೋಗ?" ವ್ಯಾಪಾರಿ ಗೋಡೆಯನ್ನೇ ನೋಡುತ್ತ ಕೇಳಿದ.

"ಅದೊಂದು ಇರಲಿ," ಎಂದಳು ನೀಲಮ್ಮ.

"ಯಾತಕ್ಕೆ?"

ನೀಲಮ್ಮ ಕಿಂಡಿಯ ಅಂಚಿನ ಮಸಿಯನ್ನು ಸೆರಗಿನಿಂದ ಒರೆಸಿದಳು. ವ್ಯಾಪಾರಿ ಗಾರೆಯವನಿಗೆ ಕೈಸನ್ನೆ ಮಾಡಿದ. ಸಂಜೆಯೊಳಗೆ ಕಿಂಡಿ ಮುಚ್ಚಿಹೋಯಿತು. ಅಲ್ಲಿ ಹಿತ್ತಾಳೆಯ ಚೊಂಬುಗಳನ್ನು ಸಾಲಾಗಿ ಜೋಡಿಸಲು ಒಂದು ಹಲಗೆ ಬಂತು.

ಹೊಸ ಅಡುಗೆಮನೆಯನ್ನು ನೋಡಲು ಊರೇ ಬಂತು. ಬಂದವರೆಲ್ಲ ಹೊಗಳಿದರು. ಆದರೆ ಕೆಲವೇ ದಿನಗಳಲ್ಲಿ ಊಟದ ಎಲೆಯಲ್ಲಿ ಬೇರೆಯೇ ಸುದ್ದಿ. ಒಗ್ಗರಣೆ ಕರಕಲು, ಪಲ್ಯ ತಳ ಹಿಡಿದದ್ದು. ಒಂದು ದಿನ ಹಿಂದಿನ ರಾತ್ರಿಯ ಹುಳಿ ಕೆಟ್ಟು ವಾಸನೆ ಹೊಡೆಯುತ್ತಿದ್ದರೂ ಅದನ್ನೇ ಬಿಸಿ ಮಾಡಿ ಬಡಿಸಿದಳು. ವ್ಯಾಪಾರಿ ಕೈತೊಳೆದು ಎದ್ದ. ನೀಲಮ್ಮನ ಮುಖ ಸಣ್ಣಗಾಯಿತು.

ವ್ಯಾಪಾರಿಗೆ ಎಲ್ಲಿಲ್ಲದ ಸೋಜಿಗ. ಅದೇ ಕೈ, ಅದೇ ಬೇಳೆ, ಅಡುಗೆಮನೆಯೋ ಅರಮನೆಯಂತಿದೆ, ಮತ್ತೆ ಕೆಟ್ಟದ್ದು ಏನು? ಹೊಸ ಒಲೆಯ ಉರಿ ಜಾಸ್ತಿಯೇನೋ ಎಂದು ಒಲೆ ಬದಲಾಯಿಸಿದ. ಪಾತ್ರೆಯ ತಳ ತೆಳ್ಳಗಿದೆಯೇನೋ ಎಂದು ದಪ್ಪ ತಳದ ಪಾತ್ರೆ ತಂದ. ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೂಲಿನ ಗುಣ ಹೇಳುವವನು ಈಗ ಬಾಣಲೆಯ ತಳ ಉಜ್ಜಿ ಉಜ್ಜಿ ನೋಡತೊಡಗಿದ. ಏನು ಮಾಡಿದರೂ ಸೀಯುವುದು ನಿಲ್ಲಲಿಲ್ಲ.

ಈ ನಡುವೆ ಚೆನ್ನಾಜಮ್ಮ ಬೀದಿಗಿಳಿದು ಬಂದು ಮುಂಬಾಗಿಲಲ್ಲಿ ನಿಂತಳು. "ಆ ಕಿಂಡಿ ತೆಗೆಸಪ್ಪ," ಎಂದಳು.

"ಯಾಕೆ ಚೆನ್ನಾಜಮ್ಮ, ಕೆಂಡ ಬೇಕೇನು?" ಎಂದು ವ್ಯಾಪಾರಿ ನಕ್ಕ.

ಅವಳ ಬಾಯಿಗೆ ಏನೋ ಬಂತು. ಅದನ್ನು ನುಂಗಿಕೊಂಡು, ಬಂದ ದಾರಿಯಲ್ಲೇ ಹೋದಳು.

ಅಂದು ಊಟವಾದ ಮೇಲೆ ನೀಲಮ್ಮ ಎಲೆ ತೆಗೆಯುತ್ತ ಹೇಳಿದಳು: "ಅಡುಗೆಗೆ ಬೇರೆ ಯಾರನ್ನಾದರೂ ನೋಡಿ. ನನ್ನ ಕೈಯಲ್ಲಿ ಇನ್ನು ಆಗುವುದಿಲ್ಲ."

ಅವಳಿಗೆಂದೇ ಮಾಡಿಸಿದ್ದು, ಅವಳೇ ಕಾಲಿಡುವುದಿಲ್ಲ ಎಂದರೆ ಆ ಕಲ್ಲು, ಆ ಟೈಲ್ಸ್ ಎಲ್ಲ ಇದ್ದೇನು? ವ್ಯಾಪಾರಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಬೇರೆ ಯಾರೋ ಬಡಿಸಿದ ಅನ್ನದ ಮುಂದೆ ಕೂರುವುದನ್ನು ನೆನೆಸಿಕೊಳ್ಳಲೂ ಆಗಲಿಲ್ಲ. ಇದರ ಮೂಲ ಹುಡುಕಿಯೇ ತೀರುತ್ತೇನೆ ಎಂದು ಮರುದಿನ ಅಂಗಡಿಗೆ ಹೋಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತ. ಇಂದೊಂದು ದಿನ ನೋಡು ಎಂದು ಹೆಂಡತಿಯನ್ನು ಒಪ್ಪಿಸಿದ.

ನೀಲಮ್ಮ ಬೇಳೆ ಬೇಯಲಿಟ್ಟು ಉರಿ ಸಣ್ಣ ಮಾಡಿದಳು. ಒಲೆಗೆ ಬೆನ್ನು ಮಾಡಿ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯತೊಡಗಿದಳು. ದೊಡ್ಡ ಕಿಟಕಿಯಿಂದ ಗಾಳಿ ಬೀಸಿತು. ಗೋಡೆಯ ಕ್ಯಾಲೆಂಡರು ಪಟಪಟ ಅಂದಿತು. ಒಳ್ಳೆಯ ಗಾಳಿ ಎಂದು ವ್ಯಾಪಾರಿ ತನ್ನನ್ನೇ ಮೆಚ್ಚಿಕೊಂಡ.

ಸ್ವಲ್ಪ ಹೊತ್ತಿಗೆ ಗ್ಯಾಸಿನ ವಾಸನೆ ಮೂಗಿಗೆ ಬಡಿಯಿತು. ಗಾಳಿಗೆ ಉರಿ ಆರಿರಬೇಕು ಎಂದುಕೊಂಡ. ಬಾಗಿಲಲ್ಲಿ ಕೂತ ತನಗೇ ಇಷ್ಟು ಬಡಿಯುತ್ತಿದೆ, ಒಲೆಯ ಬುಡದಲ್ಲಿರುವ ಅವಳಿಗೆ ತಿಳಿಯದಿರುತ್ತದೆಯೇ, ಈಗ ಎದ್ದು ತಿರುಪು ಮುಚ್ಚುತ್ತಾಳೆ ಎಂದು ನೋಡಿದ. ಅವಳು ಅವರೆಕಾಳನ್ನು ತಟ್ಟೆಗೆ ಹಾಕುತ್ತಲೇ ಇದ್ದಳು. ಆಮೇಲೆ ಎದ್ದಳು. ಒಲೆ ನೋಡಿದಳು. ಉರಿ ಇರಲಿಲ್ಲ. ಸುಮ್ಮನೆ ಲೈಟರು ಕೈಗೆತ್ತಿಕೊಂಡಳು.

"ಏ, ಬಿಡೇ ಅದನ್ನ!"

ವ್ಯಾಪಾರಿ ಹಾರಿ ಬಂದು ಲೈಟರು ಕಿತ್ತುಕೊಂಡ. ಒಲೆಯ ತಿರುಪು ಮುಚ್ಚಿ, ಅವಳ ತೋಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದ.

"ವಾಸನೆ ಬರಲಿಲ್ಲವೇನೇ ನಿನಗೆ?"

"ಇಲ್ಲ," ಎಂದಳು ನೀಲಮ್ಮ. ಬಾವಿಕಟ್ಟೆಯ ಮೇಲೆ ಕೂತಳು. "ಹಳೆಯ ಅಡುಗೆಮನೆ ಇದ್ದಾಗಲೇ ಒಮ್ಮೆ ಜ್ವರ ಬಂದು ಮಲಗಿದ್ದೆನಲ್ಲ, ಆವಾಗಿನಿಂದ ಇಲ್ಲ. ಮಲ್ಲಿಗೆಯ ವಾಸನೆಯೂ ಇಲ್ಲ, ಸೀದದ್ದರ ವಾಸನೆಯೂ ಇಲ್ಲ."

ವ್ಯಾಪಾರಿ ಪಕ್ಕದ ಮನೆಯ ಗೋಡೆ ನೋಡಿದ. ಇಷ್ಟು ದಿನ ಆ ಗೋಡೆಯ ಆಚೆಯಿಂದ ಬರುತ್ತಿದ್ದ ಕೂಗೆಲ್ಲ ಈಗ ಒಂದೊಂದಾಗಿ ಕಿವಿಗೆ ಬಿತ್ತು.

"ಚೆನ್ನಾಜಮ್ಮನಿಗೆ ಗೊತ್ತಿತ್ತೇ?"

"ಅವರಿಗೊಬ್ಬರಿಗೇ. ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದೆ. ವಾಸನೆ ತಿಳಿಯದವಳ ಅಡುಗೆ ಎಂದರೆ ಯಾರು ಉಂಡಾರು? ನೀವೂ ಒಂದೊಂದು ತುತ್ತನ್ನೂ ಮೂಸಿ ನೋಡುತ್ತಿದ್ದಿರಿ."

"ಕಿಂಡಿ ಮುಚ್ಚುವಾಗಲಾದರೂ ಹೇಳಬಾರದಿತ್ತೇ?"

"ಇರಲಿ ಅಂದೆನಲ್ಲ. ನೀವು ಗೋಡೆ ನೋಡುತ್ತ ಕೇಳಿದಿರಿ. ನನ್ನ ಮುಖ ನೋಡಿದ್ದರೆ ಹೇಳುತ್ತಿದ್ದೆನೋ ಏನೋ."

ವ್ಯಾಪಾರಿ ಅವಳ ಪಕ್ಕದಲ್ಲಿ ಕೂತು ಅತ್ತುಬಿಟ್ಟ. ಅವಳೂ ಅತ್ತಳು. ಆಮೇಲೆ ಅವನು ಮುಖ ತೊಳೆದುಕೊಂಡು, ಬೀದಿಗಿಳಿದು, ಚೆನ್ನಾಜಮ್ಮನ ಬಾಗಿಲಿಗೆ ತಾನೇ ಹೋಗಿ ನಿಂತ. ಅವಳು ಅವನ ಕೆಂಪು ಕಣ್ಣು ನೋಡಿದಳು. ಎಲ್ಲ ತಿಳಿಯಿತು. ಆದರೂ ಬಿಡುವ ಹೆಂಗಸಲ್ಲ.

"ಏನಪ್ಪ, ಕೆಂಡ ಬೇಕೇನು?" ಎಂದಳು.

"ಬೇಕು ತಾಯಿ," ಎಂದ ವ್ಯಾಪಾರಿ.

ಮರುದಿನವೇ ಗಿಳಿಹಸಿರು ಟೈಲ್ಸ್ ಒಡೆದರು. ಒಲೆಯನ್ನು ಕಿಟಕಿಯ ಗಾಳಿಯಿಂದ ತಪ್ಪಿಸಿ ಕಿಂಡಿಯ ಕೆಳಗೆ ತಂದರು. ಒಡೆದ ಅಂಚು ಅಸಹ್ಯವಾಗಿ ಕಾಣುತ್ತಿತ್ತು, ವ್ಯಾಪಾರಿಯ ಕಣ್ಣು ಒಪ್ಪಲಿಲ್ಲ. ಬಡಗಿಯನ್ನು ಕರೆಸಿ, ಬಳ್ಳಿ ಕೆತ್ತಿದ ತೇಗದ ಚೌಕಟ್ಟು ಕೂರಿಸಿದ. ಬಡಗಿ ಪುಟ್ಟ ಬಾಗಿಲು ಮಾಡಿ ಚಿಲಕ ಜೋಡಿಸಲು ಹೋದ. ಬಾಗಿಲೂ ಬೇಡ, ಚಿಲಕವೂ ಬೇಡ ಎಂದು ವ್ಯಾಪಾರಿ ತಡೆದ. ಅಂದಿನ ಸಾರು ಮೊದಲಿನ ಹಾಗೇ ಇತ್ತು. ನೀಲಮ್ಮ ಎರಡು ಸಲ ಬಡಿಸಿದಳು, ಅವನು ಮೂರನೆಯ ಸಲ ಕೇಳಿದ.

ಅಷ್ಟಕ್ಕೇ ಮುಗಿಯಲಿಲ್ಲ ಕೇಳು. ನೋಡಲು ಬಂದವರಿಗೆಲ್ಲ ಆ ಕೆತ್ತನೆಯ ಕಿಂಡಿ ಬಹಳ ಹಿಡಿಸಿತು. ಈಗಿನ ಫ್ಯಾಷನ್ನೇ ಇದು ಎಂದುಕೊಂಡು ಎಷ್ಟೋ ಜನ ತಮ್ಮ ಅಡುಗೆಮನೆಯ ಗೋಡೆಗೂ ತೂತು ಕೊರೆಸಿದರು. ಒಬ್ಬ ಮಹಾರಾಯನಂತೂ ಗೋಡೆಯ ಆಚೆ ಇರುವುದು ಬಚ್ಚಲು ಎಂಬುದನ್ನೂ ನೋಡದೆ ಇಡಿಸಿದ.

ಸ್ವಾಮಿಗಳು ಕತೆ ನಿಲ್ಲಿಸಿದರು. ಕಲ್ಲಯ್ಯನ ಮುಖ ಅರಳಿತ್ತು. ನಕ್ಷೆಯನ್ನು ನೆಲದ ಮೇಲೆ ಬಿಡಿಸಿ, ಒಂದು ಗೋಡೆಯ ಮೇಲೆ ಬೆರಳಿಟ್ಟ.

"ಹಾಗಾದರೆ ನಮ್ಮಲ್ಲೂ ಇಲ್ಲಿ ಒಂದು ಕಿಂಡಿ ಇಡಿಸಿಬಿಡೋಣವೇ ಬುದ್ಧಿ? ಕೆತ್ತನೆಯವರು ನನಗೆ ಗೊತ್ತಿದ್ದಾರೆ."

ಸ್ವಾಮಿಗಳು ಹಣೆ ಚಚ್ಚಿಕೊಂಡು ನಕ್ಕರು. ನಗು ನಿಂತ ಮೇಲೆ ಅವನ ಮುಖವನ್ನೇ ನೋಡುತ್ತ ಕೇಳಿದರು:

"ಈರಜ್ಜ ಏನೂ ಹೇಳಲಿಲ್ಲ ಎಂದೆಯಲ್ಲ ಮರಿ, ಯಾವುದರ ಮುಂದೆ ನಿಂತಾಗ ಏನೂ ಹೇಳಲಿಲ್ಲ?"