ಬರಮ ಜೋಡಿ ಬಿಡಿಸಿದ್ದು

ಒಬ್ಬಳು ಅವ್ವ, ಅವಳಿಗೊಬ್ಬ ಮಗ. ಅವ್ವ ಸಾವಂತ್ರವ್ವ ಕೌದಿ ಹೊಲಿಯುತ್ತಿದ್ದಳು. ಮಗ ಬರಮ ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದಷ್ಟೇ ಮಾಡುತ್ತಿದ್ದ, ಹೇಳಿದ ಹಾಗೆಯೇ ಮಾಡುತ್ತಿದ್ದ! ಅದೇ ಅವಳ ತಲೆನೋವು. "ಬಾಗಿಲ ಕಡೆ ಲಕ್ಷ್ಯ ಇಡೋ" ಅಂದರೆ, ಬೆಕ್ಕು ಪಕ್ಕದಲ್ಲೇ ಹಾಲು ಕುಡಿದು ಹೋದರೂ ಅವನ ಕಣ್ಣು ಬಾಗಿಲ ಮೇಲೆ.

"ನಾ ಕಣ್ಣು ಮುಚ್ಚಿದ ಮ್ಯಾಲ ಇವನ ಗತಿ ಏನಪ್ಪಾ!" ಎಂದು ಸೂಜಿ ಹಿಡಿದೇ ಅಳುತ್ತಿದ್ದಳು ಸಾವಂತ್ರವ್ವ.

ಊರ ಹೈಸ್ಕೂಲಿನ ಪ್ರಯೋಗಶಾಲೆಗೆ ಒಬ್ಬ ಆಳು ಬೇಕಾಗಿತ್ತು. ಸಾವಂತ್ರವ್ವ ಮಗನನ್ನು ಕರೆದುಕೊಂಡು ಓಡಿ ಹೋಗಿ ವಿಜ್ಞಾನದ ಇಟಗಿ ಮಾಸ್ತರರ ಕಾಲು ಹಿಡಿದಳು. "ಮುಂದಿನ ವಾರ ಸಾಹೇಬರು ತಪಾಸಣೆಗೆ ಬರ್ತಾರ. ಅವರ ಮುಂದ ಇವ ಒಂದು ಪ್ರಯೋಗ ಮಾಡಿ ತೋರಿಸಲಿ, ನಾ ನೌಕರಿ ಕಾಗದಕ್ಕ ಸಹಿ ಹಾಕಿಸ್ತೀನಿ" ಅಂದರು ಮಾಸ್ತರು.

ಮರುದಿನ ಮಾಸ್ತರು ಒಂದು ಬುಟ್ಟಿಯಲ್ಲಿ ನಾಲ್ಕು ದಾರ ಇಟ್ಟರು. ಒಂದು ಜೋಡಿ ಉದ್ದ, ಒಂದು ಜೋಡಿ ಗಿಡ್ಡ. ಪ್ರತಿ ಜೋಡಿಯಲ್ಲೂ ಒಂದು ಕೆಂಪು, ಒಂದು ಹಸಿರು.

"ಬರಮಾ, ಈ ಬುಟ್ಟಿ ಅಂದ್ರ ನಮ್ಮ ಮೈಯಾಗಿನ ಒಂದು ಜೀವಕೋಶ. ದಾರ ಅಂದ್ರ ವರ್ಣತಂತು. ಖರೇ ಕೋಶದಾಗ ನಲವತ್ತಾರು ಇರತಾವ, ನಮಗ ನಾಲ್ಕು ಸಾಕು. ಕೆಂಪು ಅಪ್ಪ ಕೊಟ್ಟದ್ದು, ಹಸಿರು ಅವ್ವ ಕೊಟ್ಟದ್ದು. ಗಾಯ ಮಾಯುವಾಗ ಹೊಸಾ ಚರ್ಮ ಬರತೈತಲ್ಲ, ಆಗ ಒಂದು ಕೋಶ ಎರಡಾಗತೈತಿ. ಅದು ಮೈಟಾಸಿಸ್. ಈ ಬುಟ್ಟೀನ ಎರಡು ಮಾಡು ನೋಡೋಣು!"

ಬರಮ ಈ ಬುಟ್ಟಿಗೆರಡು, ಆ ಬುಟ್ಟಿಗೆರಡು ದಾರ ಹಾಕಿದ.

"ಅಯ್ಯೋ ಪೆದ್ದ! ಇದ್ದದ್ದೇ ಅರ್ಧಕ್ಕ ಬಂತಲ್ಲೋ! ಮೊದಲು ಪ್ರತಿ ದಾರದ ನಕಲು ಮಾಡು, ಎರಡರಷ್ಟಾಗಲಿ. ಆಮ್ಯಾಲ ಹಂಚು. ಎರಡೂ ಬುಟ್ಟಿ ಥೇಟ್ ಮೊದಲಿನ ಬುಟ್ಟಿಯಂಗ ಇರಬೇಕು!"

"ಹೂಂರಿ! ಮೊದಲು ಎರಡರಷ್ಟು ಮಾಡಬೇಕು, ಆಮ್ಯಾಲ ಹಂಚಬೇಕು!"

ಅದನ್ನೇ ಬಾಯಿಪಾಠ ಮಾಡುತ್ತ ಮನೆಗೆ ಬಂದ. ಅವ್ವ ಅಂದಳು, "ಮಜ್ಜಿಗ್ಯಾಗ ನೆರಮನಿ ಕಾಳವ್ವಗೂ ಪಾಲು ಕೊಟ್ಟು ಬಾ." ಬರಮ ಒಂದು ಗಡಿಗೆ ಮಜ್ಜಿಗೆಗೆ ಒಂದು ಗಡಿಗೆ ನೀರು ಸುರಿದ. ಎರಡು ಗಡಿಗೆಯಾಯಿತು. ಒಂದನ್ನು ಕೊಟ್ಟು ಬಂದ.

"ಇದೇನ್ ಮಜ್ಜಿಗ್ಯೋ, ಗಡಿಗಿ ತೊಳದ ನೀರೋ?" ಎಂದು ಕಾಳವ್ವ ಬೀದಿಗೆಲ್ಲ ಕೇಳುವಂತೆ ಕೂಗಿದಳು. ಸಾವಂತ್ರವ್ವ ಹಣೆ ಹಣೆ ಬಡಿದುಕೊಂಡಳು. "ಹೆಚ್ಚು ಮಾಡಬ್ಯಾಡೋ ನನ್ನಪ್ಪಾ! ಇದ್ದದ್ದರಾಗ ಅರ್ಧ ಕೊಡು, ಅರ್ಧ!"

"ಹೂಂ ಯವ್ವಾ! ಇದ್ದದ್ದರಾಗ ಅರ್ಧ!"

ಮರುದಿನ ಮಾಸ್ತರು, "ಇವತ್ತು ಮಿಯಾಸಿಸ್" ಅಂದರು. "ತಾಯಿಯ ಅಂಡಾಣು, ತಂದಿಯ ವೀರ್ಯಾಣು ತಯಾರಾಗೋದು ಇದರಿಂದ. ಎರಡೂ ಕೂಡಿ ಕೂಸು ಆಗಬೇಕಲ್ಲ? ಇಬ್ಬರೂ ನಾಲ್ಕು ನಾಲ್ಕು ದಾರ ಕೊಟ್ರ ಕೂಸಿಗೆ ಎಂಟು, ಮೊಮ್ಮಗಗ ಹದಿನಾರು! ಬುಟ್ಟಿ ಹರದು ಹೋಗತೈತಿ. ಅದಕ್ಕ ಇಲ್ಲಿ ಅರ್ಧ."

"ಅರ್ಧ ನನಗ ಬರತೈತ್ರಿ!" ಎಂದ ಬರಮ, ಉದ್ದನೆಯವೆರಡು ಇತ್ತ ಹಾಕಿದ, ಗಿಡ್ಡನೆಯವೆರಡು ಅತ್ತ ಹಾಕಿದ.

"ಹಂಗಲ್ಲೋ! ಉದ್ದಂದು ಒಂದೂ ಇಲ್ಲದ ಕೂಸು ಬದುಕತೈತೇನು? ಪ್ರತಿ ಜೋಡಿಯಿಂದ ಒಂದೊಂದು! ಒಂದು ಈ ಕಡೆ, ಒಂದು ಆ ಕಡೆ!"

ಆ ಸಂಜೆ ಕಾಳವ್ವನ ಮೊಮ್ಮಗಳಿಗೆ ಹೆಸರಿಡುವ ಕಾರ್ಯ. "ಬಾಗಿಲದಾಗ ಚಪ್ಪಲಿ ರಾಶಿ ಬಿದ್ದೈತಿ. ಮುಂಚಿಬಾಗಿಲಿಗಷ್ಟು, ಹಿತ್ತಲಬಾಗಿಲಿಗಷ್ಟು ಹಂಚಿ ಇಡು" ಅಂದಳು ಅವ್ವ. ಬರಮ ಪ್ರತಿ ಜೋಡಿಯಿಂದ ಒಂದು ಮುಂದಿಟ್ಟ, ಒಂದು ಹಿಂದಿಟ್ಟ. ಉಂಡು ಎದ್ದ ಬೀಗರೆಲ್ಲ ಕುಂಟುತ್ತ ಮನೆ ಸುತ್ತತೊಡಗಿದರು.

"ಜೋಡಿ ಅಗಲಸ್ತಾರೇನೋ ಮೂಳಾ! ಜೋಡಿ ಅಂದ್ರ ಪಕ್ಕಪಕ್ಕ ಇರಬೇಕು!"

"ಹೂಂ ಯವ್ವಾ! ಜೋಡಿ ಪಕ್ಕಪಕ್ಕ!"

ಮರುದಿನ ಬುಟ್ಟಿ ಕಂಡದ್ದೇ ತಡ, ದಾರಗಳನ್ನು ಜೋಡಿ ಜೋಡಿಯಾಗಿ ಪಕ್ಕಪಕ್ಕ ಮಲಗಿಸಿದ. ಮಾಸ್ತರು ಕುರ್ಚಿ ಬಿಟ್ಟು ಎದ್ದರು.

"ಭಲೆ ಮಗನ! ಕೋಶಾನೂ ಇದನ್ನೇ ಮಾಡತೈತಿ. ಮೊದಲು ಒಂದ ಸಲ ನಕಲು. ಆಮ್ಯಾಲ ಜೋಡಿ ಪಕ್ಕಪಕ್ಕ. ಕೆಂಪಿನ ತುದಿ ಹಸಿರಿಗೆ, ಹಸಿರಿನ ತುದಿ ಕೆಂಪಿಗೆ ಅದಲುಬದಲು. ಮ್ಯಾಲ ಎರಡು ಸಲ ಬಿಡಿಸೋದು: ಮೊದಲು ಜೋಡಿ ಬಿಡಿಸು, ಆಮ್ಯಾಲ ನಕಲು ಬಿಡಿಸು. ನಾಲ್ಕು ಬುಟ್ಟಿ! ಮೈಟಾಸಿಸ್ಸಿನಾಗ ಎರಡೂ ಒಂದೇ ಥರ, ಇಲ್ಲಿ ಒಂದರಂಗ ಇನ್ನೊಂದಿಲ್ಲ!" ಬಾಗಿಲಲ್ಲಿ ಬಂದು ನಿಂತಿದ್ದ ಅವ್ವನ ಕಡೆ ತಿರುಗಿದಾಗ ಮಾಸ್ತರ ದನಿ ಮೆತ್ತಗಾಯಿತು. "ಸಾವಂತ್ರವ್ವಾ, ಕೋಶಕ್ಕ ಬುದ್ಧಿ ಎಲ್ಲೈತಿ? ಇದ್ದ ಅಪ್ಪಣೆ ಇದ್ದಂಗ ನಡಸತೈತಿ, ಅಷ್ಟ. ಹಂಗ ನಡಸೇ ನಿನ್ನ ಮಾಡೇತಿ, ನನ್ನ ಮಾಡೇತಿ, ಇವನ್ನೂ ಮಾಡೇತಿ!"

ಸಾವಂತ್ರವ್ವ ಮಗನ ಬೆರಳುಗಳನ್ನೇ ನೋಡಿದಳು. ಇಷ್ಟು ವರ್ಷ ಬೈದದ್ದೇ ಬಂತು, ಒಮ್ಮೆಯೂ ಹೀಗೆ ನೋಡಿರಲಿಲ್ಲ. ಅವಳಿಗೆ ಹೆಮ್ಮೆಯೆನಿಸಿತು.

ಸಾಹೇಬರು ಬಂದರು. ಬರಮ ನಕಲು ಮಾಡಿದ, ಜೋಡಿ ಮಲಗಿಸಿದ, ತುದಿ ಬದಲಿಸಿದ, ಬಿಡಿಸಿದ, ಮತ್ತೆ ಬಿಡಿಸಿದ. ನಾಲ್ಕು ಬುಟ್ಟಿ, ಬುಟ್ಟಿಗೆರಡು ದಾರ, ಒಂದರ ಹಾಗೆ ಒಂದಿಲ್ಲ! ಒಂದು ದಾರವೂ ತಪ್ಪಲಿಲ್ಲ. ಸಾಹೇಬರು ಮೂಗಿನ ಮೇಲೆ ಬೆರಳಿಟ್ಟರು. ಅಲ್ಲೇ ಸಹಿ ಹಾಕಿ ಕಾಗದವನ್ನು ಸಾವಂತ್ರವ್ವನ ಕೈಗೆ ಕೊಟ್ಟರು.

"ಬರಮಪ್ಪಾ, ಬಿಸಿಲು ಬಂತು. ನನ್ನ ಸೈಕಲ್ಲು, ಮಾಸ್ತರ ಸೈಕಲ್ಲು ಎರಡನ್ನೂ ನೆರಳಾಗ ಪಕ್ಕಪಕ್ಕ ನಿಲ್ಲಿಸು" ಅಂದರು.

ಚಹಾ ಕುಡಿದು ಹೊರಗೆ ಬಂದು ನೋಡುತ್ತಾರೆ! ಸಾಹೇಬರ ಹೊಸ ಸೈಕಲ್ಲಿಗೆ ಮಾಸ್ತರ ತುಕ್ಕು ಹಿಡಿದ ಮುಂದಿನ ಗಾಲಿ. ಮಾಸ್ತರ ಡಕೋಟ ಸೈಕಲ್ಲಿಗೆ ಸಾಹೇಬರ ಮಿರಿಮಿರಿ ಗಾಲಿ. ಬೆಂಚು ರಿಪೇರಿಗೆ ಬಂದಿದ್ದ ಬಡಿಗೇರನ ಸಾಮಾನೆಲ್ಲ ಬರಮನ ಸುತ್ತ ಹರಡಿತ್ತು.

"ಏನಿದು!" ಸಾಹೇಬರು ಚೀರಿದರು. ಸಾವಂತ್ರವ್ವ ಕಾಗದವನ್ನು ಎದೆಗೆ ಅವುಚಿಕೊಂಡಳು. "ಸಹಿ ಆಗೇತ್ರಿ ಸಾಹೇಬ್ರ, ಸಹಿ ಆಗೇತಿ!" ಎಂದರು ಮಾಸ್ತರು ಅವಸರದಲ್ಲಿ.

"ತಡೀರ್ರೀ, ಈಗಿನ್ನೂ ಅದಲುಬದಲಾಗೇತಿ" ಎಂದ ಬರಮ, ಗರಗಸವನ್ನು ಸೈಕಲ್ಲಿನ ನಡುವಿಗೆ ಇಟ್ಟು. "ಬಿಡಿಸೋದು ಬಾಕಿ ಐತಿ. ನಾಲ್ಕು ಸೈಕಲ್ ಆಗ್ತಾವ!"

"ಏ ಬರಮಾ! ಗರಗಸ ಕೆಳಗಿಡೋ!" ಸಾವಂತ್ರವ್ವ ಕೂಗಿದಳು.

ಬರಮ ಅವ್ವನ ಮಾತು ಮೀರುವವನಲ್ಲ. ಗರಗಸ ಕೆಳಗಿಟ್ಟ. ಕೊಡಲಿ ಎತ್ತಿಕೊಂಡ.