ಅಡಿವೆಪ್ಪ ಗಡಿಯಾರ ತಂದದ್ದು

ಇದು ನನ್ನ ತವರಿನ ಕಡೆಯ ಕತೆ. ಹೇಳುವವರೆಲ್ಲ ತಮ್ಮದೂ ಒಂದಿಷ್ಟು ಸೇರಿಸುತ್ತಿದ್ದರು, ನಾನೂ ಸೇರಿಸಿದ್ದೇನೆ. ಈಗ ನಾನಿರುವ ಊರಿನಲ್ಲಿ ಆ ಮಾತು ತಿಳಿಯುವವರಿಲ್ಲ, ಹೇಳಿದರೆ ನಗುವವರಿಲ್ಲ. ನೀವಾದರೂ ಕೇಳಿ.

ಒಂದೂರಲ್ಲಿ ಫಕೀರವ್ವ ಅಂತ ಒಬ್ಬಳಿದ್ದಳು. ಅವಳ ಮಗ ಅಡಿವೆಪ್ಪ. ಅವನಿಗೆ ವಯಸ್ಸು ಮೂವತ್ತು ದಾಟಿತ್ತು, ಬುದ್ಧಿ ಮೂರು ದಾಟಿರಲಿಲ್ಲ. "ಒಲೀ ಮ್ಯಾಲೆ ಹಾಲೈತಿ, ನೋಡ್ತಿರು" ಅಂದರೆ ಹಾಲು ಉಕ್ಕುವುದನ್ನು ನೋಡುವನು, ಒಲೆ ಆರುವುದನ್ನು ನೋಡುವನು, ಬೆಕ್ಕು ಬಂದು ನೆಕ್ಕುವುದನ್ನೂ ನೋಡುವನು. "ನೋಡು ಅಂದಿದ್ದಿ ಅವ್ವ, ನೋಡಿದೆ" ಅನ್ನುವನು. ಫಕೀರವ್ವ ತಲೆಯ ಮೇಲೆ ಕೈ ಹೊತ್ತು ಕೂರುವಳು. "ನಿನ್ನ ಹಡದು ನಾ ಏನ ಮಾಡಲೋ ಅಡಿವೆಪ್ಪಾ" ಅನ್ನುವಳು.

ಅವಳಿಗೊಬ್ಬ ಮಗಳೂ ಇದ್ದಳು, ದಾಕ್ಷಾಯಣಿ. ಅಣ್ಣ ಬಿಟ್ಟುಬಂದ ಬುದ್ಧಿಯನ್ನೆಲ್ಲ ಬಾಚಿಕೊಂಡು ಹುಟ್ಟಿದವಳು. ಸಣ್ಣವಳಿದ್ದಾಗಿನಿಂದಲೇ ದೂರದ ಪಟ್ಟಣದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ರಜೆ ಬಂದರೂ ಅಲ್ಲೇ ಉಳಿದು ಮಕ್ಕಳಿಗೆ ಪಾಠ ಹೇಳಿ ಖರ್ಚು ನೀಗಿಸಿಕೊಳ್ಳುತ್ತಿದ್ದಳು. ಅವಳು ಮನೆಗೆ ಬಂದು ಎರಡು ವರ್ಷವಾಗಿತ್ತು. ಮನೆಯಲ್ಲಿ ಇವರಿಬ್ಬರೇ. ಅವ್ವ ಖಾನಾವಳಿಗೆ ರೊಟ್ಟಿ ಬಡಿಯುವಳು, ಮಗ ರೊಟ್ಟಿ ಮುಟ್ಟಿಸಿ ಬರುವನು. ಬಂದು ಒಬ್ಬ ಈ ಗೋಡೆಗೆ, ಒಬ್ಬಳು ಆ ಗೋಡೆಗೆ ಒರಗಿ ಕೂರುವರು. ರೊಟ್ಟಿ ಬಡಿಯುವ ಸದ್ದು ನಿಂತರೆ ಆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ.

ಒಂದು ದಿನ ಮಗಳ ಫೋನು ಬಂತು. "ಅವ್ವಾ, ನಾ ಡಿಗ್ರಿ ಪಾಸಾದೆ. ಮುಂದಿನ ವಾರ ಬುಧವಾರ ಕಾಲೇಜಿನ್ಯಾಗ ಕಾರ್ಯಕ್ರಮ ಐತಿ. ನೀನೂ ಅಣ್ಣನೂ ಬರ್ರಿ. ಮರುದಿನ ಮಧ್ಯಾಹ್ನ ನಾ ರೈಲು ಹಿಡೀತೀನಿ. ಉತ್ತರದ ಕಡೆ ಒಂದು ಸಾಲ್ಯಾಗ ನೌಕರಿ ಸಿಕ್ಕೈತಿ."

ಫಕೀರವ್ವ ಫೋನಿಟ್ಟು ತನ್ನ ಕೈ ನೋಡಿಕೊಂಡಳು. ಕಾವಲಿ ತಾಗಿ ತಾಗಿ ಕಪ್ಪಾದ ಕೈ. ಸೀರೆ ನೋಡಿಕೊಂಡಳು, ಸೆರಗಿಗೆ ಎರಡು ತೇಪೆ. "ನಾ ಹೋದ್ರ ಗೆಳತ್ಯಾರ ಮುಂದ ಅಕಿ ಮಾರಿ ಸಣ್ಣದಾಕ್ಕೈತಿ" ಅಂದಳು. "ನಾ ಹೋಗೂದಿಲ್ಲ. ಆದ್ರ ಬರಿಗೈಲೆ ಅಕಿನ್ನ ಕಳಿಸೂದೂ ಇಲ್ಲ."

ನಮ್ಮ ಕಡೆ ಒಂದು ಮನೆಯವರು ದುಬಾರಿ ಕೈಗಡಿಯಾರ ಕೊಳ್ಳುವುದು ಒಂದೇ ಸಲ, ಮದುವೆಯಲ್ಲಿ ಅಳಿಯನಿಗೆ. ಫಕೀರವ್ವ ಅಂದಳು, "ಯಾವನೋ ಬಂದು ಮಗಳನ್ನ ಕರಕೊಂಡು ಹೋಗೂದಕ್ಕ ಗಡಿಯಾರ ಕೊಡ್ತಾರಂತ. ನನ್ನ ಮಗಳು ತಾನ ಓದಿ ತಾನ ಹೊಂಟಾಳ. ಗಡಿಯಾರ ಅಕಿಗೇ ಕೊಡ್ತೀನಿ. ಹೊತ್ತೆಷ್ಟಾತು ಅಂತ ನೋಡಿದಾಗೆಲ್ಲ ಮನಿ ನೆನಪಾಗಲಿ." ಕೊರಳಿನ ಬಂಗಾರದ ಬೋರಮಾಳ ಬಿಚ್ಚಿ ಮಾರಿದಳು. ದುಡ್ಡನ್ನು ಅರಿವೆಯಲ್ಲಿ ಕಟ್ಟಿ ಮಗನ ಕೈಗಿಟ್ಟಳು.

"ಪ್ಯಾಟ್ಯಾಗ ಶೆಟ್ಟರ ಗಡಿಯಾರದ ಅಂಗಡಿಗೆ ಹೋಗು. ಇವತ್ತು ಶುಕ್ರವಾರ, ಹತ್ತೂವರಿಗೆ ರಾಹುಕಾಲ ಹತ್ತತೈತಿ. ಅದರೊಳಗ ತಗೊ. ಹಂಗಂತ ಅವಸರ ಮಾಡಿ ಎಂಥದರ ತರಬ್ಯಾಡ. ಹೊತ್ತು ಇರೂತನಕ ನೋಡಿ ತಗೊ."

"ಆತವ್ವ, ಹಂಗ ಮಾಡ್ತೀನಿ" ಅಂದ ಅಡಿವೆಪ್ಪ.

ಹೋದ. ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆ ತುಂಬ ಗಡಿಯಾರ. ಮಾರಲಿಕ್ಕಿಟ್ಟ ಗಡಿಯಾರಗಳನ್ನು ಅಂಗಡಿಯವರು ಓಡಲು ಬಿಡುವುದಿಲ್ಲ. ಎಲ್ಲದರ ಮುಳ್ಳನ್ನೂ ಹತ್ತು ಗಂಟೆ ಹತ್ತು ನಿಮಿಷಕ್ಕೆ ನಿಲ್ಲಿಸಿ ಇಟ್ಟಿರುತ್ತಾರೆ, ನೋಡಲು ಚೆಂದ ಅಂತ. ಅಡಿವೆಪ್ಪ ಒಂದನ್ನು ನೋಡಿದ, ಹತ್ತೂ ಹತ್ತು. ಇನ್ನೊಂದನ್ನು ನೋಡಿದ, ಹತ್ತೂ ಹತ್ತು. ನಲವತ್ತನ್ನು ನೋಡಿದ. ಒಂದು ಸುಳ್ಳು ಹೇಳೀತು, ನಲವತ್ತು ಹೇಳುತ್ತವೆಯೇ? ರಾಹುಕಾಲಕ್ಕೆ ಇನ್ನೂ ಇಪ್ಪತ್ತು ನಿಮಿಷ ಅಂತ ಸ್ಟೂಲಿನ ಮೇಲೆ ಕೂತು ನಿಧಾನವಾಗಿ ನೋಡತೊಡಗಿದ.

ಶೆಟ್ಟರು ಊಟಕ್ಕೆದ್ದರು. "ತಮ್ಮಾ, ಹಸಿವಿಲ್ಲೇನು?"

"ಇನ್ನೂ ಹತ್ತೂ ಹತ್ತು ರೀ."

ಶೆಟ್ಟರು ಉಂಡು, ಒಂದು ನಿದ್ದೆ ಮಾಡಿ, ಬಂದು ನೋಡಿದರು. ಅಲ್ಲೇ ಇದ್ದಾನೆ. "ಬಿಸಿಲು ಇಳೀತಲ್ಲೋ."

"ಇಳೀಲಿ ರೀ. ಹತ್ತೂ ಹತ್ತು."

ಅಷ್ಟು ಹೊತ್ತು ಯಾರೂ ಅವನನ್ನು ತಮ್ಮ ಹತ್ತಿರ ಕೂರಗೊಟ್ಟವರಿರಲಿಲ್ಲ. ಹಿತವಾಗಿತ್ತು, ಕೂತಿದ್ದ. ದೀಪ ಹಚ್ಚುವ ಹೊತ್ತಿಗೆ ಶೆಟ್ಟರು ಬಾಗಿಲು ಎಳೆದರು. ಅಡಿವೆಪ್ಪ ಬರಿಗೈಲಿ ಮನೆಗೆ ಬಂದ. "ನಾ ತಗೋತಿದ್ದೆವ್ವ, ಇನ್ನೂ ಇಪ್ಪತ್ತು ನಿಮಿಷ ಇತ್ತು. ಅವರ ಬಾಗಿಲಾ ಹಾಕಿದ್ರು."

"ನಿನ್ನ ಹಡದು ನಾ ಏನ ಮಾಡಲೋ ಅಡಿವೆಪ್ಪಾ. ಅವು ನಿಂತ ಗಡಿಯಾರ. ಗಡಿಯಾರ ಅಂದ್ರ ಕಿವಿಗೆ ಹಿಡದು ಕೇಳಬೇಕು. ಟಿಕ್ ಟಿಕ್ ಅಂದ್ರ ಜೀವಂತ ಐತಿ ಅಂತ. ಚಲೋ ಸದ್ದು ಬರೂದನ್ನ ತಾ."

"ಆತವ್ವ, ಹಂಗ ಮಾಡ್ತೀನಿ."

ಮರುದಿನ ಹೋದ. ಶೆಟ್ಟರು ಅಂಗಡಿಯಲ್ಲೇ ಮೇಲಾದದ್ದನ್ನು ಮಖಮಲ್ಲಿನ ಡಬ್ಬಿಯಿಂದ ತೆಗೆದರು. "ಇದನ್ನ ನೋಡು. ಮುಖ ಮುತ್ತಿನ ಚಿಪ್ಪಿಂದು. ಗಾಜಿಗೆ ಗೀರು ಬೀಳೂದಿಲ್ಲ. ನೀರಾಗ ಬಿದ್ರೂ ಏನಾಗೂದಿಲ್ಲ. ನಿನ್ನ ತಂಗಿ ಮೊಮ್ಮಕ್ಕಳೂ ಕಟ್ಟಿಗೋತಾವು."

ಅಡಿವೆಪ್ಪ ಕಿವಿಗೆ ಹಿಡಿದ. ಸದ್ದಿಲ್ಲ. "ಇದು ಸತ್ತೈತಿ ರೀ."

"ಸತ್ತಿಲ್ಲಪಾ, ನಿಲ್ಲಿಸೇನಿ."

"ಸತ್ತಿದ್ದು ಬ್ಯಾಡ ಅಂದಾಳ ಅವ್ವ."

ಒಂದೊಂದನ್ನೇ ಕಿವಿಗೆ ಹಿಡಿದ. ಎಲ್ಲವೂ ಮೂಕ. ಆಗ ಅವನ ತಲೆಯ ಮೇಲೆ ಗೋಡೆಯಿಂದ ಟಕ್ಕು ಟಕ್ಕು ಅಂತ ಕೇಳಿಸಿತು. ನೋಡಿದರೆ ಅವತ್ತೇ ಬೆಳಿಗ್ಗೆ ಶೆಟ್ಟರು ಕೀಲಿ ಕೊಟ್ಟು ತೂಗುಹಾಕಿದ ಲೋಲಕದ ದೊಡ್ಡ ಗಡಿಯಾರ, ಆಳಿನ ಎದೆಯಷ್ಟು ಅಗಲ. ಶೆಟ್ಟರು ಬೇಡ ಬೇಡ ಅಂದರೂ ಅದನ್ನೇ ಇಳಿಸಿಕೊಂಡು ಬೆನ್ನಿಗೆ ಕಟ್ಟಿಕೊಂಡು ಬಂದ. ದಾರಿಯಲ್ಲಿ ಅದು ಹನ್ನೆರಡು ಬಾರಿಸಿತು. ನೀರಿಗೆ ನಿಂತ ಹೆಂಗಸರು ಕೊಡ ಬಿಟ್ಟು ತಿರುಗಿ ನೋಡಿದರು.

"ಏನೋ ಇದು?"

"ಚಲೋ ಸದ್ದು ಬರ್ತೈತವ್ವ. ಓಣಿಗೆಲ್ಲ ಕೇಳ್ತೈತಿ."

"ಇದನ್ನ ನಿನ್ನ ತಂಗಿ ಕೈಗೆ ಕಟ್ಟಿಗೊಂಡು ಸಾಲಿಗೆ ಹೋಗಬೇಕೇನು? ನಿನ್ನ ಹಡದು ನಾ ಏನ ಮಾಡಲೋ ಅಡಿವೆಪ್ಪಾ. ಇದನ್ನ ತಿರುಗಿ ಕೊಟ್ಟು ಶೆಟ್ಟರು ಮೇಲು ಅಂದದ್ದನ್ನ ತಾ. ಹೋಗೂಮುಂದ ಮಾಡದಾಗ ದಾಕ್ಷಾಯಣಿ ಬಳಿ ಅದಾವು, ಅಳತಿಗೆ ಒಂದು ಒಯ್ಯಿ. ಬಳಿ ಎಷ್ಟೈತೋ ಅಷ್ಟಾ ಇರಬೇಕು ನೋಡು."

"ಆತವ್ವ, ಹಂಗ ಮಾಡ್ತೀನಿ."

ಗೋಡೆಯ ಮಾಡದಲ್ಲಿ ಬಳೆ ಇದ್ದವು. ಅಡಿವೆಪ್ಪ ಒಂದನ್ನು ಕಿಸೆಗೆ ಹಾಕಿಕೊಂಡು ಹೋದ. ಶೆಟ್ಟರು ಒಳ್ಳೆಯವರು. ಗೋಡೆ ಗಡಿಯಾರ ವಾಪಸು ತೆಗೆದುಕೊಂಡು, ಮುತ್ತಿನ ಮುಖದ್ದನ್ನು ಮುಂದಿಟ್ಟರು. ಅದರ ಪಟ್ಟಿ ಉಕ್ಕಿನ ಕೊಂಡಿಗಳದು. ಅಳತೆಗೆ ತಂದ ಬಳೆ ನೋಡಿ ಶೆಟ್ಟರು ಹುಬ್ಬೇರಿಸಿದರು. "ಇಷ್ಟ ಸಣ್ಣ ಕೈಯೇನೋ ನಿನ್ನ ತಂಗೀದು?"

"ಬಳಿ ಎಷ್ಟೈತೋ ಅಷ್ಟಾ ಇರಬೇಕಂತ ರೀ."

ಶೆಟ್ಟರು ಒಂದು ಕೊಂಡಿ ತೆಗೆದರು. ಹಿಡಿದು ನೋಡಿದರು, ದೊಡ್ಡದು. ಇನ್ನೊಂದು ತೆಗೆದರು, ಆಗಲೂ ದೊಡ್ಡದು. ಹೀಗೆ ತೆಗೆತೆಗೆದು ಅಂಗೈ ತುಂಬ ಕೊಂಡಿಯಾಯಿತು. ಗಡಿಯಾರದ ಮುಖ ಉಳಿಯಿತು, ಹಿಂದೆ ನಾಕು ಕೊಂಡಿ.

ಅಡಿವೆಪ್ಪ ತಂದು ಅವ್ವನ ಕೈಗಿಟ್ಟ. ಫಕೀರವ್ವ ಅದರೊಳಗೆ ಕೈ ತೂರಿಸಲು ನೋಡಿದಳು. ಮೂರು ಬೆರಳು ಹೋದವು, ಅಲ್ಲಿಗೆ ನಿಂತಿತು. ಬಳೆ ತೆಗೆದು ನೋಡಿದಳು. ದಾಕ್ಷಾಯಣಿ ಎರಡನೇ ಇಯತ್ತೆಯಲ್ಲಿ ತೊಟ್ಟಿದ್ದ ಹಸಿರು ಬಳೆ.

ಬಯ್ಯಲು ಬಾಯಿ ತೆಗೆದವಳು ಎದ್ದು ಮಾಡ ತಡಕಿದಳು. ಅಲ್ಲಿದ್ದವೆಲ್ಲ ಅಂಥವೇ. ದೊಡ್ಡ ಹುಡುಗಿಯ ಬಳೆ ಆ ಮನೆಯಲ್ಲಿ ಒಂದೂ ಇರಲಿಲ್ಲ. ಮಗಳ ಕೈ ಈಗ ಎಷ್ಟು ದಪ್ಪ ಇದೆ, ತೆಳ್ಳಗಿದೆಯೋ ತುಂಬಿಕೊಂಡಿದೆಯೋ ಅಂತ ನೆನೆಯಲು ನೋಡಿದಳು. ನೆನಪಾಗಲಿಲ್ಲ.

"ಎಷ್ಟಿರತೈತೋ ಅಡಿವೆಪ್ಪಾ ಅಕಿ ಕೈ?"

ಅಡಿವೆಪ್ಪ ತನ್ನ ಎರಡು ಬೆರಳು ಸೇರಿಸಿ ಉಂಗುರ ಮಾಡಿ ತೋರಿಸಿದ. "ಇಷ್ಟು. ಸಂತಿಗೆ ಹೋಗೂಮುಂದ ನಾ ಹಿಡಕೊಂತಿದ್ದೆನಲ್ಲ."

ಫಕೀರವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಎಲ್ಲಾ ಕೊಂಡಿ ತಿರುಗಿ ಹಾಕಿಸಿಕೊಂಡು ಬಾ. ಸಡ್ಲಾದ್ರ ಆಗಲಿ. ಮ್ಯಾಲೆ ಶೆಟ್ಟರು ಹ್ಯಾಂಗ ಜ್ವಾಕಿ ಮಾಡಂತಾರೋ ಹಂಗ ಮಾಡು, ನಿನ್ನ ಶ್ಯಾಣ್ಯಾತನ ಬ್ಯಾಡ."

"ಆತವ್ವ, ಹಂಗ ಮಾಡ್ತೀನಿ."

ಸೋಮವಾರ ಶೆಟ್ಟರು ಕೊಂಡಿಗಳನ್ನೆಲ್ಲ ಹಾಕಿ, ಗಡಿಯಾರಕ್ಕೆ ಹೊತ್ತು ಹೊಂದಿಸಿ ಕೊಟ್ಟರು. "ಇದಕ್ಕ ಸೆಲ್ ಇಲ್ಲ, ದಿನಾ ಕೀಲಿ ಕೊಡೂದಿಲ್ಲ. ಕೈಮ್ಯಾಲಿದ್ದು ಕೈ ಆಡಿದ್ರ ಓಡತೈತಿ. ಡಬ್ಬ್ಯಾಗಿಟ್ಟು ಮರತ್ರ ಒಂದೂವರಿ ದಿನಕ್ಕ ನಿಂತಬಿಡತೈತಿ. ಕೈ ಆಡಬೇಕು, ತಿಳೀತೇನು?"

ತಿಳಿಯಿತು. ಅಡಿವೆಪ್ಪ ಗಡಿಯಾರ ಕೈಗೆ ಕಟ್ಟಿಕೊಂಡು ಅಂಗಡಿಯ ಮೆಟ್ಟಿಲಿನಿಂದಲೇ ಕೈ ಬೀಸತೊಡಗಿದ. ಬೀಸುತ್ತಾ ರಸ್ತೆಗೆ ಬಂದ. ಎದುರಿನ ಚಹಾದಂಗಡಿಯವನು ತನಗೇ ಅಂದುಕೊಂಡು ಕೈ ಎತ್ತಿದ. ಟಾಂಗಾದವನು ಕೈ ಎತ್ತಿದ. ಸಾಲೆಗೆ ಹೊರಟ ಹುಡುಗಿಯರು ಸಾಲಾಗಿ ಕೈ ಬೀಸಿದರು. ಅಡಿವೆಪ್ಪ ಹುಟ್ಟಿದಾಗಿನಿಂದ ಊರಿನಲ್ಲಿ ಯಾರೂ ಅವನಿಗೆ ಕೈ ಎತ್ತಿದವರಲ್ಲ. ಇವತ್ತು ಇಡೀ ಪೇಟೆ ಎತ್ತುತ್ತಿದೆ. ಅವನಿಗೆ ಮನೆ ಕಡೆ ಹೋಗಲು ಮನಸ್ಸೇ ಬರಲಿಲ್ಲ. ದೊಡ್ಡ ರಸ್ತೆಗೆ ಹೋಗಿ ನಿಂತು ಇನ್ನಷ್ಟು ಬೀಸಿದ.

ಅಲ್ಲಿ ಬಸ್ಸು ನಿಂತಿತು.

"ಹತ್ತು ಹತ್ತು, ಎಲ್ಲಿಗೆ?" ಅಂದ ಕಂಡಕ್ಟರ್.

"ಎಲ್ಲಿಗೂ ಇಲ್ಲ ರೀ."

ಬಯ್ದು ಹೋದ. ಹಿಂದಿನ ಬಸ್ಸು ನಿಂತಿತು. ಅದರ ಹಿಂದೆ ಲಾರಿ ನಿಂತಿತು. ಲಾರಿಯ ಹಿಂದೆ ಮೇವಿನ ಟ್ರ್ಯಾಕ್ಟರು. ಇಳಿದವರೆಲ್ಲ "ಯಾಕೋ ನಿಲ್ಲಿಸಿದಿ" ಅಂತ ಸುತ್ತ ನಿಂತರು. ಅಡಿವೆಪ್ಪ ನಗುತ್ತಾ ಎಲ್ಲರಿಗೂ ಕೈ ಬೀಸುತ್ತಲೇ ಇದ್ದ. ಕಡೆಗೆ ಮೂರನೇ ಬಸ್ಸಿನ ಕಂಡಕ್ಟರ್ ಅವನ ತೋಳು ಹಿಡಿದು ಮನೆಬಾಗಿಲಿಗೆ ತಂದು ನಿಲ್ಲಿಸಿದ. "ಯವ್ವಾ, ನಿನ್ನ ಮಗನ್ನ ಕಟ್ಟಿಹಾಕು. ಅರ್ಧ ತಾಲೂಕು ರಸ್ತ್ಯಾಗ ನಿಂತೈತಿ."

"ನಿನ್ನ ಹಡದು ನಾ ಏನ ಮಾಡಲೋ ಅಡಿವೆಪ್ಪಾ" ಅಂದಳು ಫಕೀರವ್ವ. ಮಂಗಳವಾರವೆಲ್ಲ ಗಡಿಯಾರ ತಾನೇ ಕಟ್ಟಿಕೊಂಡು ರೊಟ್ಟಿ ಬಡಿದಳು. ಅದು ಚೆನ್ನಾಗಿಯೇ ಓಡಿತು. ಬುಧವಾರ ಬೆಳಿಗ್ಗೆ ಅದನ್ನು ಒರೆಸಿ, ಡಬ್ಬಿಗೆ ಹಾಕಿ, ಮಗನನ್ನು ಎದುರಿಗೆ ಕೂರಿಸಿಕೊಂಡು ಗಲ್ಲ ಹಿಡಿದು ಹೇಳಿದಳು.

"ಅಲ್ಲಿ ದೊಡ್ಡ ದೊಡ್ಡ ಮಂದಿ ಬಂದಿರ್ತಾರ. ಅವರ ನಡುವ ಹೋಗಿ ನಿಂದ್ರಬ್ಯಾಡ. ಪೆದ್ದ ಅಣ್ಣ ಬಂದಾನ ಅಂತ ಅಕಿಗೆ ನಾಚಿಕಿ ಆಗಬಾರದು. ಮಂದ್ಯಾಗ ಗಡಿಯಾರ ತೆಗೀಬ್ಯಾಡ. ಒಬ್ಬಾಕಿನ ಕುಂತಿರತಾಳಲ್ಲ, ಆಗ ಹೋಗಿ ಕೈಗೆ ಕಟ್ಟು. ಮಂದಿ ಇದ್ರ ಕೊಡಾಕ ಬ್ಯಾಡ, ಒಬ್ಬಾಕಿನ ಇದ್ದಾಗ. ಹೇಳು ನೋಡೂಣು."

"ಮಂದಿ ಇದ್ರ ಬ್ಯಾಡ, ಒಬ್ಬಾಕಿನ ಕುಂತಿದ್ರ ಕೈಗೆ ಕಟ್ಟೂದು. ಆತವ್ವ, ಹಂಗ ಮಾಡ್ತೀನಿ."

ಮಗ ಬಸ್ಸು ಹತ್ತಿದ. ಫಕೀರವ್ವ ಅವತ್ತು ರೊಟ್ಟಿ ಬಡಿಯಲಿಲ್ಲ. ಹೊಸ್ತಿಲ ಮೇಲೆ ಕೂತಳು. ಈಗ ಮುಟ್ಟಿರಬೇಕು, ಈಗ ಕೊಟ್ಟಿರಬೇಕು, ಈಗ ಕಟ್ಟಿಕೊಂಡಿರಬೇಕು ಅಂತ ಎಣಿಸುತ್ತಾ ಕೂತೇ ಇದ್ದಳು. ಮಧ್ಯಾಹ್ನ ಎರಡು ಸಲ ಫೋನು ಬಂತು. ನಾ ಯಾಕೆ ಬರಲಿಲ್ಲ ಅಂತ ಕೇಳಿದರೆ ಏನು ಹೇಳಲಿ ಅಂತ ಎತ್ತಲಿಲ್ಲ.

ಬಿಸಿಲು ಇಳಿಯುವಾಗ ಅಡಿವೆಪ್ಪ ಬಂದ. ಬಂದವನು ಓಣಿಯ ಆ ತುದಿ ನೋಡಿದ, ಈ ತುದಿ ನೋಡಿದ, ಒಳಗೆ ಹಣಿಕಿ ನೋಡಿದ. ಆಮೇಲೆ ಅವ್ವನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಡಬ್ಬಿ ತೆಗೆದು, ಗಡಿಯಾರವನ್ನು ಅವಳ ಕೈಗೆ ಕಟ್ಟಿದ.

"ಏನೋ ಇದು? ಅಕಿಗೆ ಕೊಡಲಿಲ್ಲೇನು?"

"ಹ್ಯಾಂಗ ಕೊಡಲವ್ವ? ಅಕಿ ಒಬ್ಬಾಕಿನ ಕುಂದ್ರಲೇ ಇಲ್ಲ. ಕರೀ ಗೌನ್ ಹಾಕ್ಕೊಂಡಿದ್ಲು. ಸುತ್ತೂ ಗೆಳತ್ಯಾರು. ನಾ ಗೇಟಿನ ಹತ್ತೇಲಿ ನಿಂತಿದ್ದೆ, ನೋಡಿಬಿಟ್ಲು. ಅಣ್ಣಾ ಅಂತ ಒದರಿಕೊಂತ ಓಡಿ ಬಂದ್ಲು. ಹಿಂದ ನಾಕು ಮಂದಿ ಬಂದ್ರು. ನಾ ಓಡಿದೆ."

"ಓಡಿದೇನು?"

"ಮೈದಾನ ಎರಡು ಸುತ್ತು ಓಡಿದೆ. ಅಕಿ ಬೆನ್ನ ಹತ್ತಿದ್ಲು. ನಿಂದ್ರೋ ಅಣ್ಣಾ, ಫೋಟೋಕ್ಕ ಬಾರೋ, ಅವ್ವ ಎಲ್ಲಿ ಅದಾಳೋ ಅಂತ ಒದರತಿದ್ಲು. ಗೆಳತ್ಯಾರಿಗೆಲ್ಲ ನನ್ನ ಕಡೆ ಕೈ ಮಾಡಿ ತೋರಸತಿದ್ಲು, ನನ್ನ ಅಣ್ಣ ನನ್ನ ಅಣ್ಣ ಅಂತ. ನಾ ಜಗ್ಗಲಿಲ್ಲ. ನೀ ಹೇಳಿದಂಗ ಮಂದ್ಯಾಗ ನಿಂದ್ರದ ಬಸ್ಸಿಗೆ ಜಿಗದು ಬಂದೆ. ಬಸ್ಸಿನ್ಯಾಗೂ ನೋಡಿದೆ, ಸ್ಟ್ಯಾಂಡಿನ್ಯಾಗೂ ನೋಡಿದೆ. ಎಲ್ಲಾರ ಸಂಗಾಟ ಯಾರರ ಇದ್ರು. ಒಬ್ಬಾಕಿನ ಕುಂತಾಕಿ ನೀ ಒಬ್ಬಾಕಿ ಸಿಕ್ಕಿ. ಕಟ್ಟಿದೆ."

ಫಕೀರವ್ವ ಕೈ ಮೇಲಿನ ಗಡಿಯಾರವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕಡೆಗೆ ಎದ್ದು, ತೇಪೆಯ ಸೀರೆಯನ್ನೇ ಕೊಡವಿ ಸರಿ ಮಾಡಿಕೊಂಡು, ಬಾಗಿಲಿಗೆ ಬೀಗ ಹಾಕಿದಳು.

"ನಡಿ. ಅಕಿ ರೈಲು ನಾಳೆ ಮಧ್ಯಾಹ್ನ ಐತಿ. ಇಬ್ಬರೂ ಹೋಗೂಣು. ಎಲ್ಲಾರ ಮುಂದ ಕೊಡೂಣು."

ಅಡಿವೆಪ್ಪ ಎದ್ದ, ನಾಲ್ಕು ಹೆಜ್ಜೆ ನಡೆದ, ಅಲ್ಲಿಗೇ ನಿಂತ. ಬಹಳ ಯೋಚನೆ ಮಾಡಿ ಅವ್ವನ ಕೈ ಹಿಡಿದ.

"ಹಂಗಾದ್ರ ಕೈ ಕೊಡವ್ವ, ಗಡಿಯಾರ ಬಿಚ್ಚತೀನಿ. ಈಗ ನೀ ಒಬ್ಬಾಕಿನ ಇಲ್ಲಲ್ಲ."