ಉಸುಕು ಬಿಡುವ ದಿನ

ಹೊಳೆಯ ದಂಡೆಗೆ ಅಡವಯ್ಯಜ್ಜನ ಮಠ. ಮಠ ಅಂದರೆ ಎರಡು ಕೋಣೆ, ಒಂದು ಆಕಳು, ಮತ್ತೆ ಅಜ್ಜ. ಅಷ್ಟೇ.

ಎದುರಿಗೆ, ಹೊಳೆಯ ನಡುವೆ, ದೊಡ್ಡ ಉಸುಕಿನ ದಿಬ್ಬ. ಬೇಸಿಗೆ ಬಂತೆಂದರೆ ಹದಿನಾಲ್ಕು ಮನೆಯವರು ಮಕ್ಕಳುಮರಿ ಕಟ್ಟಿಕೊಂಡು ಅಲ್ಲಿಗೆ ಹೋಗಿ, ಗುಡಿಸಲು ಹಾಕಿ, ಕಲ್ಲಂಗಡಿ ಬೆಳೆಯುತ್ತಾರೆ. ಮಳೆಗಾಲದ ನೀರು ಬರುವ ಮೊದಲು ದಿಬ್ಬ ಬಿಡಬೇಕು. ಬೇಗ ಬಿಟ್ಟರೆ ಕೊನೆಯ ಕಾಯಿ ಹೋಯಿತು, ತಡ ಮಾಡಿದರೆ ಜೀವವೇ ಹೋಯಿತು.

ಬಿಡುವ ದಿನ ಯಾವುದೆಂದು ಹೇಳುವವರು ಅಜ್ಜ. ರೋಹಿಣಿ ಮಳೆ ಮುಗಿದ ಮೊದಲ ಸೋಮವಾರ ಮೊಳಕಾಲುದ್ದ ನೀರಿಗಿಳಿದು, ಒಂದು ಬೊಗಸೆ ಎತ್ತಿ ಮೂಸಿ ನೋಡಿ, ಇಂಥ ದಿನ ಉಸುಕು ಬಿಡ್ರಿ ಅನ್ನುತ್ತಾರೆ. ಅವರ ಗುರುಗಳೂ ಹಾಗೇ ಮಾಡುತ್ತಿದ್ದರಂತೆ.

ನಲವತ್ತು ವರ್ಷ ಅಜ್ಜನ ಮಾತು ತಪ್ಪಲಿಲ್ಲ. ಹೋದ ವರ್ಷ ತಪ್ಪಿತು. ಹೇಳಿದ್ದಕ್ಕಿಂತ ಎಂಟು ದಿನ ಮೊದಲೇ ನೀರು ಬಂದು ಎರಡು ಗುಡಿಸಲು ಕೊಚ್ಚಿಹೋದವು. ಜನ ಉಳಿದದ್ದೇ ಪುಣ್ಯ. ಅಜ್ಜನಿಗೆ ಯಾರೂ ಏನೂ ಅನ್ನಲಿಲ್ಲ, ಹೊಳೆಗೇ ತಲೆ ಕೆಟ್ಟಿದೆ ಎಂದುಕೊಂಡರು.

ನೀಲಗಂಗಾ ಮಠಕ್ಕೆ ಬಂದದ್ದು ಆಮೇಲೆ. ನಲವತ್ತರ ಹೆಂಗಸು. ಪಟ್ಟಣದ ಹವಾಮಾನ ಕಚೇರಿಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವಳು. ಭೂಮಿ ಬಿಸಿಯಾಗುತ್ತಿದೆ, ಸಮುದ್ರ ಕಾಯುತ್ತಿದೆ, ಮೋಡ ಹಳೆಯ ದಾರಿ ಬಿಟ್ಟಿದೆ ಎಂದು ಬರೆದೂ ಬರೆದೂ ಕೊಟ್ಟಳು. ಓದಿದವರು ತಲೆಯಾಡಿಸಿ ಚಹಾ ಕುಡಿದರು. ಒಂದು ದಿನ ಅವಳಿಗೆ ಸಾಕುಸಾಕಾಗಿ ಹೋಯಿತು.

"ಅಜ್ಜಾರ, ಲೋಕದ ಚಿಂತಿ ಬಿಡೋದು ಕಲಸ್ರಿ," ಅಂದಳು.

ಅಜ್ಜ ಕಸಬರಿಗೆ ಕೊಟ್ಟರು. ಅಂಗಳ ಗುಡಿಸುತ್ತ, ಆಕಳ ಮೈ ತಿಕ್ಕುತ್ತ ಅವಳಿಗೆ ನಿದ್ದೆ ಬರತೊಡಗಿತು. ಪಾಪ, ಎಷ್ಟು ವರ್ಷವಾಗಿತ್ತೋ.

ಆದರೂ ಹಳೆಯ ಚಟ ಎಲ್ಲಿ ಹೋಗುತ್ತದೆ? ದಿನಾ ಒಂದು ಸಲ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಮಳೆಯ ನಕ್ಷೆ ನೋಡುತ್ತಿದ್ದಳು. ಹಿಂದೆ ಇಡೀ ಕಚೇರಿ ನಾಲ್ಕು ದಿನ ತಿಣುಕಿದರೂ ಸಿಗದ ಉತ್ತರವನ್ನು ಈಗಿನ ಗಣಕಯಂತ್ರ, ಹಿಂದಿನ ಎಷ್ಟೋ ಮಳೆಗಾಲಗಳನ್ನು ನೋಡಿ ತಾನೇ ಕಲಿತು, ಕೂತಲ್ಲೇ ಹೇಳಿಬಿಡುತ್ತದೆ. ಅಜ್ಜ ನೋಡಿಯೂ ನೋಡದ ಹಾಗೆ ಇದ್ದರು.

ಈ ವರ್ಷದ ಆ ಸೋಮವಾರ ಬಂತು. ಬೆಳಿಗ್ಗೆ ನೀಲಗಂಗಾ ನಕ್ಷೆ ನೋಡಿದಳು. ಮೇಲಿನ ಘಟ್ಟದಲ್ಲಿ ಭಾರಿ ಮಳೆ. ಶುಕ್ರವಾರದ ಹೊತ್ತಿಗೆ ದಿಬ್ಬ ಮುಳುಗಬೇಕು.

ಆದರೂ ಬಾಯಿ ಬಿಡಲಿಲ್ಲ. ಹೇಳಿದರೆ ಯಾರು ಕೇಳುತ್ತಾರೆ ಎಂಬ ಹಳೆಯ ನೋವು ಒಂದು ಕಡೆ. ಕೇಳಿಬಿಟ್ಟು, ಆಮೇಲೆ ತನ್ನ ಮಾತೇ ಸುಳ್ಳಾದರೆ ಎಂಬ ಭಯ ಇನ್ನೊಂದು ಕಡೆ. ಅದರ ಮೇಲೆ, ಗುರುವಿನ ಮಾತಿಗೆ ಅಡ್ಡ ಬರುವುದೇ?

ಅಜ್ಜ ನೀರಿಗಿಳಿದರು, ಮೂಸಿದರು, ಬರುವ ಸೋಮವಾರ ಬಿಡ್ರಿ ಅಂದರು. ಜನ ಕೈ ಮುಗಿದರು. ಆಮೇಲೆ ಅಜ್ಜ ದಂಡೆಯ ಕಡೆ ತಿರುಗಿ, ಎಂದೂ ಕೇಳದ ಮಾತು ಕೇಳಿದರು.

"ನೀಲವ್ವ, ಸರಿ ಅದ ಏನು?"

"ನೀವು ಹೇಳಿದ ಮ್ಯಾಲ ಸರೀನ ಇರ್ತದ್ರಿ ಅಜ್ಜಾರ."

ಅಜ್ಜ ಮೇಲೆ ಬರಲಿಲ್ಲ. ದಿಬ್ಬಕ್ಕೆ ಹೊರಟಿದ್ದ ಹರಿಗೋಲಿಗೆ ಹತ್ತಿ, ಧೋತರದ ಅಂಚು ಹಿಂಡಿಕೊಂಡು ಕೂತರು. ಸೋಮವಾರದ ತನಕ ನಾನೂ ಉಸುಕಿನ ಮೇಲೇ ಇರ್ತೀನಿ, ಆಕಳ ಕಡೆ ನೋಡ್ಕೋ ಅಂದರು. ಅಜ್ಜ ನಮ್ಮ ಗುಡಿಸಲಿಗೆ ಬರುತ್ತಾರೆ ಎಂದು ಜನಕ್ಕೆ ಖುಷಿಯೋ ಖುಷಿ. ಅಂಬಿಗ ಹುಟ್ಟು ಹಾಕಿದ.

ಹರಿಗೋಲು ಎರಡು ಮಾರು ಹೋಗಿತ್ತೋ ಇಲ್ಲವೋ, ನೀಲಗಂಗಾ ಸೀರೆ ನೆನೆದದ್ದೂ ಗೊತ್ತಾಗದೆ ನೀರಿಗೆ ನುಗ್ಗಿ ಅದರ ಅಂಚು ಹಿಡಿದಳು.

"ಇಳೀರಿ ಅಜ್ಜಾರ. ಶುಕ್ರವಾರ ನೀರು ಬರ್ತದ."

ಕಲ್ಲಂಗಡಿ ಬೆಳೆಯುವವರಲ್ಲಿ ಹಿರಿಯಳಾದ ತಿಪ್ಪವ್ವನಿಗೆ ಮೊದಲು ಸಿಟ್ಟು ಬಂತು. ಇನ್ನು ಐದು ದಿನ ಸಿಕ್ಕರೆ ನನ್ನ ಬಳ್ಳಿಯ ಅರ್ಧ ಕಾಯಿ ಹಣ್ಣಾಗುತ್ತವೆ, ಈಗ ಬಿಡು ಅಂದರೆ ಹೇಗೆ, ನೀರು ಬರುವುದು ಖಾತ್ರಿಯೇನು ಎಂದು ಕೇಳಿದಳು.

ನೀಲಗಂಗಾ ಅಜ್ಜನ ಮುಖ ನೋಡಿದಳು. ಅಜ್ಜ ಹೊಳೆ ನೋಡುತ್ತಿದ್ದರು. ಆ ಕಡೆಯಿಂದ ಸಹಾಯ ಬರುವ ಹಾಗೆ ಕಾಣಲಿಲ್ಲ.

"ಖಾತ್ರಿ ಇಲ್ಲವ್ವ. ಹತ್ತರಾಗ ಏಳು ಪಾಲು ಬರ್ತದ, ಮೂರು ಪಾಲು ಬರಂಗಿಲ್ಲ. ಬರಲಿಲ್ಲಂದ್ರ ನಿನ್ನ ಕಾಯಿ ನಾನ ಹಾಳು ಮಾಡಿದಂಗ ಆಗ್ತದ."

ತಿಪ್ಪವ್ವ ಸೆರಗು ಸೊಂಟಕ್ಕೆ ಸಿಗಿಸಿಕೊಂಡಳು.

"ಹೋದ ವರ್ಷ ಮೊಮ್ಮಗನ್ನ ಕೂದಲ ಹಿಡಿದು ನೀರಾಗಿಂದ ಎಳ್ಕೊಂಡು ಬಂದೀನಿ. ನನಗ ಏಳು ಪಾಲು ಬೇಕಾದಷ್ಟಾತು."

ಹಾಗೆಂದವಳೇ ಕಾಯಿ ಕೊಯ್ಯಲು ಹೊರಟೇಬಿಟ್ಟಳು. ಉಳಿದವರು ಹಿಂದೆ ಹೋದರು. ಹಣ್ಣಾದದ್ದನ್ನು ಕೊಯ್ದು, ಆಗದ್ದನ್ನು ಬಳ್ಳಿಗೇ ಬಿಟ್ಟು, ಗುರುವಾರ ಸಂಜೆಯೊಳಗೆ ದಿಬ್ಬ ಖಾಲಿ ಮಾಡಿದರು.

ಶುಕ್ರವಾರ ಬೆಳಿಗ್ಗೆ ಚುರುಚುರು ಬಿಸಿಲು. ಹೊಳೆ ತನ್ನ ಪಾಡಿಗೆ ತಾನು ಹರಿಯುತ್ತಿತ್ತು. ನೀಲಗಂಗಾಳಿಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಹೋಗುವವರು ಬರುವವರು ಅವಳ ಮುಖ ನೋಡಿ ಸುಮ್ಮನೆ ಮುಂದೆ ಹೋದರು.

ಮಧ್ಯಾಹ್ನ ನೀರು ಕೆಂಪಾಯಿತು. ನೋಡನೋಡುತ್ತ ಬಳ್ಳಿಗಳು ಮುಳುಗಿದವು, ಗುಡಿಸಲ ಗಳಗಳು ಮುಳುಗಿದವು, ಆಮೇಲೆ ಅಲ್ಲೊಂದು ದಿಬ್ಬ ಇತ್ತು ಎಂದು ಹೇಳಿದರೂ ನಂಬುವಂತಿರಲಿಲ್ಲ. ಹದಿನಾಲ್ಕು ಮನೆಯವರೂ ದಂಡೆಯ ಮೇಲೆ ನಿಂತು ತಲೆ ಎಣಿಸಿಕೊಂಡರು. ಎಲ್ಲರೂ ಇದ್ದರು. ತಿಪ್ಪವ್ವ ಮೊದಲು ಅತ್ತಳು, ಆಮೇಲೆ ನಕ್ಕಳು, ಆಮೇಲೆ ರಾಶಿಯಲ್ಲಿದ್ದ ದೊಡ್ಡ ಹಣ್ಣು ಒಡೆದು ಮಠಕ್ಕೆ ಕಳಿಸಿದಳು.

ನೀಲಗಂಗಾ ಕಟ್ಟೆಗೆ ಒರಗಿ ಹುಶ್ಶೆಂದು ಕೂತಳು.

"ಅಜ್ಜಾರ, ನನ್ನ ಪರೀಕ್ಷಾ ಮಾಡಿದ್ರೇನು?"

"ಇಲ್ಲವ್ವ. ನಿನ್ನ ಮಾರಿ ಬಿಳಚಿತ್ತು, ಅದಕ್ಕ ಕೇಳಿದೆ. ನೀ ಸರಿ ಅಂದಿ. ಹೋದ ವರ್ಷ ನಾ ದಂಡಿ ಮ್ಯಾಲ ಕುಂತು ಮಂದಿನ್ನ ಉಸುಕಿನಾಗ ಬಿಟ್ಟಿದ್ದೆ. ಈ ವರ್ಷ ಹಂಗ ಕುಂದ್ರಾಕ ಮನಸಾಗಲಿಲ್ಲ."

"ಮೂಸಿ ನೋಡ್ತೀರಲ್ಲ, ನೀರಿನಾಗ ಏನು ವಾಸನಿ ಬರ್ತದ್ರಿ?"

"ನೀರಿನ ವಾಸನಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಅಜ್ಜನೂ ನಕ್ಕರು, ಕಲ್ಲಂಗಡಿಯ ರಸ ಗಡ್ಡದಿಂದ ಇಳಿಯುತ್ತಿತ್ತು. ನಲವತ್ತು ವರ್ಷ ಹೊಳೆ ತನ್ನ ಹೊತ್ತಿಗೆ ಬಂದು ಹೋಗುತ್ತಿತ್ತು, ಹೆಸರು ಮಾತ್ರ ತನಗೆ ಬರುತ್ತಿತ್ತು ಅಂದರು. ದಿನ ಹೇಳಿದ ಮೇಲೆ ಜನ ದಂಡೆ ಸೇರುವ ತನಕ ಪ್ರತಿ ವರ್ಷ ತನಗೆ ಅನ್ನ ಸೇರುತ್ತಿರಲಿಲ್ಲವೆಂದೂ, ಈ ಸಲ ದಿನ ಹೇಳಿದವಳು ಅವಳಾದ್ದರಿಂದ ನಾಲ್ಕು ದಿನ ಹೊಟ್ಟೆ ತುಂಬ ಉಂಡೆನೆಂದೂ ಹೇಳಿದರು.

ನೀಲಗಂಗಾಳ ನಗು ನಿಧಾನಕ್ಕೆ ನಿಂತಿತು.

"ಮುಂದ ಹೊಳಿ ಇನ್ನೂ ಅಡ್ಡಾದಿಡ್ಡಿ ಆಗ್ತದ ಅಜ್ಜಾರ. ಯಂತ್ರನೂ ಒಂದಿನ ತಪ್ತದ. ಚಿಂತಿ ಬಿಡಾಕ ಬಂದಾಕಿ ನಾನು, ಈಗ ಮತ್ತ ಹೆದರಿಕಿ ಶುರು ಆಗ್ಯದ. ಇಷ್ಟು ಹೆದರಿಕೊಂಡು ಮಂದಿಗೆ ಹ್ಯಾಂಗ ಹೇಳ್ಲಿ?"

ಅಜ್ಜ ಬೀಜ ಉಗುಳಿ, ಇನ್ನೊಂದು ಹೋಳು ಅವಳ ಕೈಗಿಟ್ಟರು.

"ಹೇಳೋದು ನೀ ಹೇಳವ್ವ. ಹೆದರೋದು ನನಗ ರೂಢಿ ಅದ, ಅದನ್ನ ನಾ ನೋಡ್ಕೋತೀನಿ."